ಮಣ್ಣಿನ ಐದನೆಯ ಪಾಲು

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮವೆಂದರೆ ಗೋಪುರ, ಪೌಳಿ ಇದ್ದದ್ದಲ್ಲ. ಒಂದು ಬೇವಿನ ಮರ, ಎರಡು ಗುಡಿಸಲು, ಮಡಕೆ ಮಾಡುವ ತಿಗರಿ, ಮಡಕೆ ಸುಡುವ ಆವಿಗೆ. ಅಷ್ಟೇ.

ಅಲ್ಲಿಯ ಗುರುಗಳು ಅಡವೆಪ್ಪಜ್ಜ. ಬೆಳಗಾದರೆ ಹೊಳೆಯಲ್ಲಿ ಮಿಂದು ಲಿಂಗಪೂಜೆ ಮಾಡುವರು. ಪೂಜೆ ಮುಗಿದರೆ ತಿಗರಿಯ ಮುಂದೆ ಕೂಡುವರು. ಎರಡಕ್ಕೂ ಒಂದೇ ಮಡಿ, ಒಂದೇ ಮೌನ.

ಅವರಲ್ಲಿಗೆ ಸೋಮಲಿಂಗ ಎಂಬ ತರುಣ ಬಂದ. ಹೊಳೆಯ ಕೆಳಗಿನ ಊರಿನ ಕುಂಬಾರರ ಮನೆಯವನು. ತೊಟ್ಟಿಲಲ್ಲಿದ್ದಾಗಲೇ ತಂದೆ ತೀರಿಕೊಂಡಿದ್ದ. ಮನೆಯ ತಿಗರಿ ಹಿತ್ತಲಲ್ಲಿ ಬಿದ್ದು ಗೆದ್ದಲು ಹಿಡಿದಿತ್ತು. ಹೆಸರಿಗೆ ಕುಂಬಾರ, ಕೈಗೆ ಏನೂ ಬಾರದು.

"ಅಜ್ಜಾರ, ನನ್ನ ತಿಗರಿ ಮುಂದ ಕೂಡಸ್ರಿ," ಅಂದ.

"ಕೂಡಸೂಣಂತ. ಮೊದಲು ಹೆಸರು ಕಲಿ."

"ಹೆಸರೇನ್ರಿ ಅಜ್ಜಾರ, ಗಡಿಗಿ ಅಂದ್ರ ಗಡಿಗಿ."

ಅಜ್ಜ ಒಂದು ಗಡಿಗೆ ತಂದು ಅವನ ಮುಂದಿಟ್ಟರು. "ನಿಮ್ಮವ್ವ ನಿನ್ನ 'ಏ ಮನಷ್ಯಾ' ಅಂತ ಕರೀತಾಳೇನು?"

ಸೋಮಲಿಂಗ ತಲೆ ತಗ್ಗಿಸಿದ.

ಅಜ್ಜ ಗಡಿಗೆಯ ಮೇಲಂಚಿನ ಮೇಲೆ ಬೆರಳಿಟ್ಟರು. "ಇದು ತುಟಿ. ಒಳಗಿಂದು ಬಾಯಿ. ಇದು ಕೊರಳು. ಇದು ಹೆಗಲು. ಇದು ಹೊಟ್ಟಿ. ಇದು ಕುಂಡಿ."

ಸೋಮಲಿಂಗ ಕಿಸಕ್ಕನೆ ನಕ್ಕ.

"ನಗಬ್ಯಾಡ. ಅದು ನೆಟ್ಟಗ ಕೂಡಲಿಲ್ಲಂದ್ರ ಮ್ಯಾಲಿಂದು ಎಷ್ಟ ಚೆಂದಿದ್ರೂ ಉರುಳಿ ಹೋಗತದ."

"ಕಿವಿ ಇಲ್ಲೇನ್ರಿ ಅಜ್ಜಾರ?"

"ಕಿವಿ ಇದ್ದಿದ್ರ ನಿನ್ನ ಮಾತು ಕೇಳಿ ಇಷ್ಟೊತ್ತಿಗೆ ಎದ್ದು ಹೋಗತಿತ್ತು."

ಹೀಗೆ ಹೆಸರು ಕಲಿಯುವುದು ನಡೆಯಿತು. ಕೆರೆಯ ಮಣ್ಣು ತಂದು ನೆನೆಹಾಕಿ, ತುಳಿದು, ನಾದಿದರೆ ಅದಕ್ಕೆ ಮುದ್ದೆ ಎಂದು ಹೆಸರು. ತಿಗರಿಯಿಂದ ಇಳಿಸಿದ್ದಕ್ಕೆ ಹಸಿ ಎಂದು ಹೆಸರು. ನೆರಳಲ್ಲಿಟ್ಟು, ಉಗುರು ಒತ್ತಿದರೆ ಗುರುತು ಬಿದ್ದೂ ಬೀಳದ ಹಾಗಾದರೆ ಅದು ಅರೆಒಣಗು. ಆವಿಗೆಯಿಂದ ಹೊರಬಂದರೆ ಬೆಂದದ್ದು.

"ಹಸಿ ಗಡಿಗಿ ಒಡದ್ರ ಏನಾಗತದ?" ಅಜ್ಜ ಕೇಳಿದರು.

"ನೀರಾಗ ಹಾಕಿದ್ರ ಮತ್ತ ಮಣ್ಣಾಗತದ್ರಿ."

"ಬೆಂದ ಗಡಿಗಿ ಒಡದ್ರ?"

"ಬೋಕಿ ಆಗತದ್ರಿ."

"ಬೋಕಿ ಏನಾಗತದ?"

"ಬೋಕಿ ಏನಾಗತದ್ರಿ, ಚೂರು. ಕಸ. ಹುಡುಗೂರು ಬಿಲ್ಲಿ ಮಾಡ್ಕೊಂಡು ಆಡತಾವ. ಮುಗೀತು."

ಅಜ್ಜ ಗಡಿಗೆಯನ್ನು ಎತ್ತಿ ಒಳಗಿಟ್ಟರು.

*

ಕೈ ಕೂತಿತು. ಮೊದಲು ಹಣತೆ, ಆಮೇಲೆ ಕುಡಿಕೆ, ಆಮೇಲೆ ನೀರಿನ ಕೊಡ. ಸೋಮಲಿಂಗನ ಕೊಡದಲ್ಲಿ ನೀರು ತಣ್ಣಗಿರುತ್ತದೆಂದು ದಾರಿಹೋಕರೂ ಹೇಳತೊಡಗಿದರು.

ಆದರೆ ಒಲೆಯ ಮೇಲೆ ಕೂಡುವ ಗಡಿಗೆ ಮಾಡಲು ಅಜ್ಜ ಬಿಡಲಿಲ್ಲ.

"ನೀರಿನ ಕೊಡಕ್ಕ ನಾಕು ಪಾಲು ಸಾಕು. ಮಣ್ಣು, ಉಸುಕು, ಬೂದಿ, ನೀರು. ಬೆಂಕಿ ಮ್ಯಾಲ ಕೂಡೂ ಗಡಿಗಿಗೆ ಐದನೇದೊಂದು ಬೇಕು."

"ಯಾವುದ್ರಿ ಅದು?"

"ನಿನ್ನ ಹಂತೇಲಿ, ನಿನ್ನ ಕೈಯಾಗ, ಇನ್ನೂ ಇಲ್ಲ."

ಅಜ್ಜನ ಹತ್ತಿರ ಮುಚ್ಚಳ ಹಾಕಿದ ಒಂದು ಮಗೆ ಇತ್ತು. ಅಡುಗೆಯ ಗಡಿಗೆಗೆ ಮಣ್ಣು ಕಲಸುವಾಗ ಅದರಿಂದ ಕೆಂಪನೆಯ ಪುಡಿಯನ್ನು ಹಿಡಿ ಹಿಡಿಯಾಗಿ ತೆಗೆದು ಹಾಕುವರು. ಸೋಮಲಿಂಗ ಅದನ್ನು ನೋಡಿದ್ದ.

"ಅಜ್ಜಾರ, ಅದರಾಗಿಂದ ಒಂದು ಹಿಡಿ ನನಗೂ ಕೊಡ್ರಿ."

"ಇದು ನಂದು. ನಿನಗ ನಿಂದು ಬೇಕು."

"ಅದು ಎಲ್ಲಿ ಸಿಗತದ್ರಿ? ಗುಡ್ಡದಾಗೋ, ಸಂತ್ಯಾಗೋ?"

"ಸಂತ್ಯಾಗ ಸಿಗೂದಾಗಿದ್ರ ನಾನು ನಿನಗ ಸಂತಿ ದಾರಿ ತೋರಸತಿದ್ದೆ."

"ಸುಣ್ಣ ಏನ್ರಿ? ಇಟ್ಟಂಗಿ ಪುಡಿ ಏನ್ರಿ? ಬೆಲ್ಲ ಏನ್ರಿ?"

"ಬೆಲ್ಲ ಹಾಕಿದ್ರ ಇರಿವಿ ಬರತಾವ. ಹೋಗು, ಕಟಗಿ ತಗೊಂಬಾ."

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಬೇವಿನ ಮರದ ಬುಡದಲ್ಲಿ ಒಂದು ಗುಡ್ಡೆ ಇತ್ತು. ಒಡೆದ ಗಡಿಗೆ, ಸೀಳಿದ ಕೊಡ, ತುಟಿ ಮುಕ್ಕಾದ ಮಗೆ, ಎಲ್ಲ ಅಲ್ಲಿ. ಬಂದ ಹೊಸತರಲ್ಲಿ ಸೋಮಲಿಂಗ ಅಂಗಳ ಗುಡಿಸುತ್ತ ಅದನ್ನೂ ಬುಟ್ಟಿಗೆ ತುಂಬಲು ಹೋಗಿದ್ದ. "ಆ ಮೂಲಿ ಬಿಡು," ಅಂದಿದ್ದರು ಅಜ್ಜ. ಮುದುಕರ ಮರೆವು, ಮುದುಕರ ಮೋಹ ಎಂದುಕೊಂಡು ಅವನು ಬಿಟ್ಟಿದ್ದ.

ತನ್ನದು ಒಡೆದರೆ ಮಾತ್ರ ಅವನು ಹಾಗೆ ಬಿಡುತ್ತಿರಲಿಲ್ಲ. ಆವಿಗೆ ತೆಗೆದಾಗ ಸೀಳಿದ ಕೊಡ ಸಿಕ್ಕರೆ ಪಂಚೆಯಲ್ಲಿ ಸುತ್ತಿ ಇಡುವನು. ಬೆಳಗಿನಲ್ಲಿ ಅಜ್ಜ ಏಳುವ ಮೊದಲೇ ಹೊಳೆಗೆ ಹೋಗಿ ನೀರಿಗೆ ಚೆಲ್ಲಿ ಬರುವನು. ಗುರುವಿನ ಕಣ್ಣಿಗೆ ತನ್ನ ಒಡಕು ಬೀಳಬಾರದು ಎಂದು ಅವನ ಆಸೆ.

ಒಂದು ದಿನ ಅಜ್ಜ ಹೊಳೆಯಿಂದ ಬರುವಾಗ ಕುಂಟುತ್ತ ಬಂದರು. ಅಂಗಾಲಿನಲ್ಲಿ ರಕ್ತ.

"ಏನಾತ್ರಿ ಅಜ್ಜಾರ?"

"ಏನಿಲ್ಲ. ಹೊಳಿ ಏನೋ ಹೇಳಾಕ ಬಂದಿತ್ತು."

ಸೋಮಲಿಂಗ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ. ಕಟ್ಟಿದ ಗಂಟು ಎರಡು ಸಲ ಬಿಚ್ಚಿಹೋಯಿತು. ಅಜ್ಜ ಕೈಯನ್ನು ನೋಡಿದರು, ಮುಖವನ್ನು ನೋಡಲಿಲ್ಲ.

*

ಹೊಳೆಯ ಮೇಲಿನ ಊರಲ್ಲಿ ಬಾಳಪ್ಪ ಎಂಬ ಕುಂಬಾರ. ಅವನ ಮಗಳು ನೀಲವ್ವ. ಆಶ್ರಮಕ್ಕೆ ಕಟ್ಟಿಗೆಯ ಗಾಡಿ ಬಂದಾಗಲೆಲ್ಲ ಅಪ್ಪನ ಜೊತೆ ಬರುತ್ತಿದ್ದಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ ತಾಗುವ ಹಾಗೆ ಆಡುವಳು. ಸೋಮಲಿಂಗನ ಮನಸ್ಸು ಅವಳಲ್ಲಿ ನಿಂತಿತು. ಹಿರಿಯರ ನಡುವೆ ಮಾತೂ ಆಯಿತು. ಎಲ್ಲರಿಗೂ ಒಪ್ಪಿಗೆ.

ಆದರೆ ಆ ಹೊಳೆಸಾಲಿನ ಕುಂಬಾರರಲ್ಲಿ ಒಂದು ಪದ್ಧತಿ. ಗಂಡು ತನ್ನ ಕೈಯಾರೆ ಅಡುಗೆಯ ಗಡಿಗೆ ಮಾಡಿಕೊಂಡು ಹೆಣ್ಣಿನ ಮನೆಗೆ ಹೋಗಬೇಕು. ಆ ಮನೆಯ ಹಿರಿಯಳು ಅದನ್ನು ಒಲೆಯ ಮೇಲಿಟ್ಟು ಹಾಲು ಉಕ್ಕಿಸುತ್ತಾಳೆ. ಹಾಲು ಉಕ್ಕಿದರೆ ಮಾತು ಗಟ್ಟಿ. ಗಡಿಗೆ ಸೀಳಿದರೆ ಇಲ್ಲ.

"ಅಜ್ಜಾರ, ಈಗರ ಐದನೇದು ಹೇಳ್ರಿ," ಅಂದ ಸೋಮಲಿಂಗ.

"ನಿನ್ನ ಹಂತೇಲಿ ಇನ್ನೂ ಇಲ್ಲಲ್ಲೋ ಮಗಾ."

"ಮದಿವಿ ನಿಂತದ್ರೀ!"

"ಮದಿವಿ ನಿಂತಿಲ್ಲ. ನೀನು ನಿಂತಿಲ್ಲ."

ಸೋಮಲಿಂಗನಿಗೆ ಸಿಟ್ಟು ಬಂತು. ಗುಡ್ಡದ ಬದಿಗೆ ಹೋಗಿ ಕೆಮ್ಮಣ್ಣು ಅಗೆದು ತಂದ. ನೋಡಲಿಕ್ಕೆ ಅಜ್ಜನ ಮಗೆಯ ಪುಡಿಯ ಹಾಗೆಯೇ ಕೆಂಪು. ಅದನ್ನೇ ಐದನೆಯದೆಂದು ಕಲಸಿದ. ಗಡಿಗೆ ಎದ್ದಿತು, ಒಣಗಿತು, ಬೆಂದಿತು. ಬೆರಳ ಗೆಣ್ಣಿನಿಂದ ಬಾರಿಸಿದರೆ ಗಂಟೆಯ ಹಾಗೆ ನಾದ ಕೊಟ್ಟಿತು.

"ನೋಡ್ರಿ ಅಜ್ಜಾರ!"

ಅಜ್ಜ ಗಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ರೂಪ ಚೆಲೋ ಬಂದೈತಿ."

"ಒಯ್ಯಲೇನ್ರಿ?"

"ನಾ ಬ್ಯಾಡಂದ್ರ ಬಿಡತೀಯೇನು?"

ಸೋಮಲಿಂಗ ಬಿಡಲಿಲ್ಲ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಗಡಿಗೆ. ಹೊಳೆಯ ದಂಡೆ ಹಿಡಿದು ಹಾಡಿಕೊಂಡು ಹೋದ.

*

ಬಾಳಪ್ಪನ ಮನೆಯ ಹಿರಿಯಳು ಅವನ ಅತ್ತೆ, ನೀಲವ್ವನ ತಾಯಿಯ ತಾಯಿ. ಊರಿಗೆಲ್ಲ ಅವಳು ಸಂಗಮ್ಮಜ್ಜಿ. ಬಾಳಪ್ಪ ಆ ಮನೆಗೆ ಮನೆಅಳಿಯನಾಗಿ ಬಂದವನು.

ಅಜ್ಜಿ ಗಡಿಗೆಯನ್ನು ಒಲೆಯ ಮೇಲಿಟ್ಟಳು. ವಿಭೂತಿ ಹಚ್ಚಿದಳು. ಹಾಲು ಸುರಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀಲವ್ವ ಕಂಬದ ಮರೆಯಲ್ಲಿದ್ದಳು.

ಹಾಲು ಬಿಸಿಯಾಯಿತು. ಅಂಚಿನಲ್ಲಿ ನೊರೆ ಕಾಣಿಸಿತು.

ಟಣ್ ಎಂದಿತು.

ಸಣ್ಣ ಸದ್ದು. ಹೊಟ್ಟೆಯಿಂದ ಹೆಗಲಿನ ತನಕ ಒಂದು ಗೆರೆ. ಮರುಗಳಿಗೆಗೆ ಗಡಿಗೆ ಹೋಳಾಗಿ ಹಾಲೆಲ್ಲ ಒಲೆಗೆ ಬಿತ್ತು. ಚೊರ್ರ್ ಎಂದು ಕೆಂಡ ಆರಿತು. ಮನೆ ತುಂಬ ಹೊಗೆ, ಸುಟ್ಟ ಹಾಲಿನ ವಾಸನೆ.

ಬಾಗಿಲಲ್ಲಿ ಯಾರೋ ಅಂದರು: "ಅಯ್ಯ ಶಿವನ, ಹಾಲು ಕಾಯಿಸಾಕ ಬಂದಿದ್ನೋ, ಒಲಿ ಆರಿಸಾಕ ಬಂದಿದ್ನೋ!"

ಸಂಗಮ್ಮಜ್ಜಿ ಮಾತ್ರ ನಗಲಿಲ್ಲ. ಹೊಗೆಗೆ ಬಂದ ಕಣ್ಣೀರನ್ನು ಸೆರಗಿನಿಂದ ಒರೆಸಿಕೊಂಡು ಹೇಳಿದಳು:

"ಒಲಿ ಆರೇದ, ಮಾತು ಆರಿಲ್ಲ. ದೀಪಾವಳಿ ಪಾಡ್ಯಕ್ಕ ಇನ್ನೊಮ್ಮಿ ಹಚ್ಚತೀನಿ. ಅವತ್ತೂ ಆರಿತಂದ್ರ ನೀನು ಬ್ಯಾರೆ ಮನಿ ನೋಡ್ಕೊ, ನಾವು ಬ್ಯಾರೆ ಗಂಡು ನೋಡತೀವಿ."

ಕೊನೆಯ ಮಾತು ಅವನ ಕಿವಿಗೆ ಬಿದ್ದದ್ದು ಅಂಗಳದಲ್ಲಿ. ಅಷ್ಟರಲ್ಲಿ ಅವನು ಚಪ್ಪಲಿಯನ್ನೂ ಮರೆತು ಹೊರಬಿದ್ದಿದ್ದ.

*

ಅಜ್ಜ ತಿಗರಿಯ ಮುಂದಿದ್ದರು. ಸೋಮಲಿಂಗ ಬಂದು ಕಾಲಿನ ಹತ್ತಿರ ಕುಸಿದು ಕೂತ.

"ಒಡೀತೇನು?"

"ಒಡೀತ್ರಿ."

"ಚೆಲೋ ಆತು."

ಸೋಮಲಿಂಗ ತಲೆ ಎತ್ತಿದ. ಕಣ್ಣಲ್ಲಿ ನೀರು. "ಚೆಲೋ ಆತೇನ್ರಿ ಅಜ್ಜಾರ? ನನ್ನ ಬಾಳೇ ಒಲಿಯಾಗ ಬಿದ್ದದ."

"ಬೋಕಿ ಎಲ್ಲಿ?"

"ಏನ್ರಿ?"

"ಬೋಕಿ. ಒಡದ ಗಡಿಗಿ ಚೂರು. ಎಲ್ಲಿ?"

"ಅಲ್ಲೇ ಬಿಟ್ಟು ಬಂದೆ. ಅದನ್ನ ಯಾಕ ಕೇಳತೀರಿ?"

ಅಜ್ಜ ತಿಗರಿಯನ್ನು ಕೈಯಿಂದ ನಿಲ್ಲಿಸಿದರು. ಎದ್ದು ಬೇವಿನ ಬುಡಕ್ಕೆ ಹೋದರು. ಗುಡ್ಡೆಯಿಂದ ಒಂದು ಚೂರು ಎತ್ತಿಕೊಂಡು ಬಂದು ಒರಳಿಗೆ ಹಾಕಿದರು. ಒನಕೆಯಿಂದ ನಾಲ್ಕು ಪೆಟ್ಟು ಕುಟ್ಟಿದರು. ಬೊಗಸೆಯಲ್ಲಿ ಎತ್ತಿ ಸೋಮಲಿಂಗನ ಕಣ್ಣೆದುರು ಹಿಡಿದರು.

ಕೆಂಪನೆಯ ಪುಡಿ.

ಸೋಮಲಿಂಗ ಪುಡಿಯನ್ನು ನೋಡಿದ. ಮುಚ್ಚಳದ ಮಗೆಯನ್ನು ನೋಡಿದ. ಗುಡ್ಡೆಯನ್ನು ನೋಡಿದ.

"ಇದೇನ್ರಿ ಐದನೇದು?"

"ಹಸಿ ಮಣ್ಣಿಗೆ ಬೆಂಕಿ ಗೊತ್ತಿಲ್ಲ. ಒಮ್ಮಿಗೇ ಬಿಸಿ ತಾಕಿದ್ರ ಬೆದರಿ ಸೀಳತದ. ಬೋಕಿಗೆ ಬೆಂಕಿ ಗೊತ್ತು. ಒಮ್ಮಿ ಬೆಂದದ, ಒಮ್ಮಿ ಒಡದದ. ಅದು ನಡುವ ಕೂತರ ಮಿಕ್ಕ ಮಣ್ಣಿಗೆ ಧೈರ್ಯ."

"ಮೊದಲ ಹೇಳಬೇಕಿತ್ತಲ್ರೀ!"

"ಹೇಳೀನಿ. ನಿನ್ನ ಹಂತೇಲಿ ಇನ್ನೂ ಇಲ್ಲ ಅಂದೀನಿ. ಒಡದದ್ದೆಲ್ಲ ಹೊಳಿಗೆ ಹಾಕಿ ಬರತಿದ್ದಿ. ಹಂತೇಲಿ ಹ್ಯಾಂಗ ಇದ್ದೀತು?"

ಸೋಮಲಿಂಗನ ಮುಖ ಕಪ್ಪಿಟ್ಟಿತು. ಅಂಗಾಲಿನ ಗಾಯ ಅವನ ಕಣ್ಣ ಮುಂದೆ ಬಂತು. "ನಿಮಗ ಗೊತ್ತಿತ್ತೇನ್ರಿ?"

"ನನ್ನ ಕಾಲಿಗೆ ಗೊತ್ತಿತ್ತು."

ಅವನು ಹಾಗೆಯೇ ಅಡ್ಡಬಿದ್ದ. ಏಳಲಿಲ್ಲ. ನೆಲಕ್ಕೆ ಮುಖವಿಟ್ಟುಕೊಂಡೇ ಕೇಳಿದ:

"ಅಜ್ಜಾರ, ಇದೊಮ್ಮಿ ನಿಮ್ಮ ಗುಡ್ಡಿಯಾಗಿಂದ ಕೊಡ್ರಿ. ಪಾಡ್ಯಕ್ಕ ದಿನ ಉಳಿದಿಲ್ಲ."

"ಇದು ನನ್ನ ಒಡಕು. ನಿನಗ ಯಾಕ ಬೇಕು?"

"ಹಂಗಾರ ಊರಾಗ ಮನಿಮನಿ ಹಿತ್ತಲದಾಗ ಬಿದ್ದಾವ. ಆರಸಿ ತರಲೇನ್ರಿ?"

"ಊರವರು ಒಡದದ್ದು ಊರವರಿಗೆ ಬುದ್ಧಿ ಕಲಿಸೇತಿ."

ಸೋಮಲಿಂಗ ಎದ್ದು ಕೂತ. ಹೊಳೆಯ ಕಡೆ ನೋಡಿದ. ನೀರು ತುಂಬಿ ಕೆಂಪಗೆ ಹರಿಯುತ್ತಿತ್ತು. ಅಲ್ಲಿಗೆ ಹೋದದ್ದು ಅಲ್ಲಿಗೇ ಹೋಯಿತು.

"ಹಂಗಾರ ಉಳಿದದ್ದು ಒಂದೇ ಗಡಿಗೀದು," ಅಂದ ಮೆಲ್ಲಗೆ. "ಅದು ಆ ಮನ್ಯಾಗದ."

"ಹೌದು."

"ಆ ಮನಿಗೆ ಹ್ಯಾಂಗ ಹೋಗಲ್ರಿ? ಏನಂತ ಕೇಳಲಿ? ನನ್ನ ಒಡದ ಗಡಿಗಿ ಚೂರು ಕೊಡ್ರಿ ಅಂತಲೇನು? ಓಣಿ ಮಂದಿ ನಗತಾರ."

"ನಗತಾರ."

"ಅವರು ಕಸದಾಗ ಚೆಲ್ಲಿದ್ರ?"

ಅಜ್ಜ ಬೊಗಸೆಯ ಪುಡಿಯನ್ನು ಮಗೆಗೆ ಸುರಿದರು. ಮುಚ್ಚಳ ಹಾಕಿದರು. "ಚಪ್ಪಲಿನೂ ಅಲ್ಲೇ ಬಿಟ್ಟು ಬಂದೀಯಲ್ಲ. ಹೆಂಗೂ ಹೋಗಬೇಕು."

*

ನಾಲ್ಕು ದಿನ ಹಿಂದೆಮುಂದೆ ನೋಡಿ ಕೊನೆಗೆ ಹೊರಟ. ಹೋಗುವಾಗ ದಾರಿ ಉದ್ದವಾಯಿತು. ಹೋದ ಸಲ ತಲೆಯ ಮೇಲೆ ಗಡಿಗೆ ಇತ್ತು, ಬಾಯಲ್ಲಿ ಹಾಡಿತ್ತು. ಈ ಸಲ ತಲೆ ಹಗುರ, ಕಾಲು ಭಾರ. ಊರ ಬಾಗಿಲಲ್ಲಿ ನಿಂತು ಎರಡು ಸಲ ಹಿಂದಿರುಗಿದ. ಮೂರನೆಯ ಸಲ ಶಿವನ ಹೆಸರು ಹೇಳಿ ಒಳಗೆ ಕಾಲಿಟ್ಟ.

ಬಾಳಪ್ಪ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ. ಇವನನ್ನು ನೋಡಿ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಏನಪಾ, ಚಪ್ಪಲಿಗೆ ಬಂದ್ಯೇನು? ಅಲ್ಲದಾವ ನೋಡು, ನಾಯಿ ಒಂದು ಬಾರು ತಿಂದೈತಿ."

"ಚಪ್ಪಲಿಗಲ್ರಿ."

"ಮತ್ತ?"

ಓಣಿಯಲ್ಲಿ ನೀರು ತರುವ ಹೆಂಗಸರು ನಿಂತರು. ಸೋಮಲಿಂಗನ ಕಿವಿ ಬಿಸಿಯಾಯಿತು. ಆದರೂ ಹೇಳಿಬಿಟ್ಟ, ಗಟ್ಟಿಯಾಗಿಯೇ ಹೇಳಿಬಿಟ್ಟ.

"ನನ್ನ ಗಡಿಗಿ ಬೋಕಿ ಬೇಕಾಗಿದ್ದುವ್ರಿ."

ಬಾಳಪ್ಪನ ಕಾಲು ನಿಂತಿತು.

ಒಳಗಿನಿಂದ ಸಂಗಮ್ಮಜ್ಜಿಯ ದನಿ ಬಂತು: "ಏನು ಕೇಳಿದ ಅಂವ?"

"ಬೋಕಿ ಕೇಳತಾನ್ರಿ ಅತ್ತಿ."

"ಗಟ್ಟಿ ಹೇಳು, ನನಗ ಕೇಳಸಂಗಿಲ್ಲ."

"ಬೋಕಿ! ಬೋಕಿ ಕೇಳತಾನ!"

ಅಜ್ಜಿ ಕೋಲೂರಿಕೊಂಡು ಹೊರಗೆ ಬಂದಳು. ಸೋಮಲಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಿವಿ ಸರಿಯಾಗಿಯೇ ಕೇಳಿಸುತ್ತಿತ್ತೋ ಏನೋ, ಓಣಿಗೆಲ್ಲ ಕೇಳಲಿ ಎಂದೇ ಕೂಗಿಸಿದಂತಿತ್ತು.

"ನೀಲವ್ವಾ," ಅಂದಳು, "ಬಂದಾನ ನೋಡವ್ವ."

ನೀಲವ್ವ ಅಟ್ಟದಿಂದ ಒಂದು ಗಂಟು ಇಳಿಸಿಕೊಂಡು ಬಂದಳು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಹಾಲಿನ ಕಲೆ ತೊಳೆದು ಒಣಗಿಸಿದ ಚೂರುಗಳು.

"ಮೂರು ಚೂರು ಒಲಿ ಒಳಗ ಬಿದ್ದಿದ್ದುವು," ಅಂದಳು. "ಬೂದಿ ಕೆದರಿ, ಮೊರದಾಗ ಹಾಕಿ ಆರಿಸಿ ತಗದೀನಿ. ತುಟೀದೊಂದು ಚೂರು ಮಾತ್ರ ಸಿಗಲಿಲ್ಲ."

"ಎಲ್ಲಿ ಹೋತು?" ಎಂದ ಸೋಮಲಿಂಗ. ಬೇರೆ ಮಾತು ಹೊಳೆಯಲಿಲ್ಲ.

"ನಿಮ್ಮ ಕಾಲಿಗೇನರ ಚುಚ್ಚಿತ್ತೋ ಏನೋ. ಅಷ್ಟು ಜೋರು ಓಡಿದ್ರಿ."

ಓಣಿಯ ಹೆಂಗಸರು ನಕ್ಕರು. ಸೋಮಲಿಂಗನಿಗೂ ನಗು ಬಂತು. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಂದು ಮಗ್ಗುಲಿಗೆ ಸರಿದ ಹಾಗಾಯಿತು.

"ನೀವು ಇವನ್ನ ಇಟ್ಟಿದ್ದು ಯಾಕ?" ಎಂದು ಕೇಳಿದ.

"ಕುಂಬಾರರ ಮನಿ ಇದು. ಬೋಕಿ ಯಾರು ಚೆಲ್ಲತಾರ?" ಎಂದಳು ನೀಲವ್ವ. ಆಮೇಲೆ ದನಿ ತಗ್ಗಿಸಿ ಅಂದಳು, "ಕೇಳಾಕ ಬರತೀರೋ ಇಲ್ಲೋ ಅಂತ ದಾರಿ ನೋಡಿ ನೋಡಿ ಸಾಕಾಗಿತ್ತು."

ಸಂಗಮ್ಮಜ್ಜಿ ಕಟ್ಟೆಯ ಮೇಲೆ ಕೂತಳು. "ತಮ್ಮಾ, ಮೊದಲನೇ ಗಡಿಗಿ ಯಾರದೂ ನಿಂತಿಲ್ಲ. ಇಲ್ಲೇ, ಇದೇ ಒಲಿ ಮ್ಯಾಲ, ಇನ್ನೊಬ್ಬನ ಗಡಿಗೀನೂ ಸೀಳಿತ್ತು. ಅಂವ ಓಡಿ ಹೋಗಿ ಹುಲ್ಲಿನ ಬಣವಿ ಹಿಂದ ಅಡಗಿ ಕೂತಿದ್ದ. ಊರೆಲ್ಲ ಹುಡುಕಿದ್ವಿ."

"ಅತ್ತಿ," ಅಂದ ಬಾಳಪ್ಪ, "ಸಾಕ ಬಿಡ್ರಿ."

"ನಾನೇನು ಹೆಸರು ಹೇಳಿದ್ನೇನು?"

ಬಾಳಪ್ಪ ಮತ್ತೆ ಮಣ್ಣು ತುಳಿಯತೊಡಗಿದ. ಮೊದಲಿಗಿಂತ ಜೋರಾಗಿ ತುಳಿದ.

*

ಸೋಮಲಿಂಗ ಚೂರುಗಳನ್ನು ತಾನೇ ಒರಳಿಗೆ ಹಾಕಿದ. ತಾನೇ ಕುಟ್ಟಿದ. ಮೊದಲ ಪೆಟ್ಟು ಹಾಕುವಾಗ ಎದೆ ಚುರುಕ್ ಎಂದಿತು. ಹೆಗಲಿನ ಚೂರು, ಹೊಟ್ಟೆಯ ಚೂರು, ಎಲ್ಲವನ್ನೂ ಗುರುತು ಹಿಡಿಯುತ್ತಿದ್ದ. ಕುಟ್ಟುತ್ತ ಕುಟ್ಟುತ್ತ ಗುರುತು ಕರಗಿತು. ಪುಡಿ ಉಳಿಯಿತು.

ಅಜ್ಜ ಜರಡಿ ಕೊಟ್ಟರು. "ಹಿಟ್ಟಿನಂಗ ಬ್ಯಾಡ. ಸಣ್ಣ ರವದಂಗ ಇರಲಿ."

ಮಣ್ಣು, ಉಸುಕು, ಬೂದಿ, ನೀರು. ಮೇಲೆ ಐದನೆಯದು. ಅದನ್ನು ಸೇರಿಸಿ ನಾದಿದಾಗ ಮುದ್ದೆ ಕೈಗೆ ತುಸು ಒರಟಾಗಿ ಹತ್ತಿತು.

"ಮೊದಲಿನಷ್ಟು ನುಣುಪಿಲ್ರಿ."

"ನುಣುಪಿಂದು ಹಾಲು ಕುಡದ ಹೋತಲ್ಲ."

ತಿಗರಿಯ ಮೇಲೆ ಗಡಿಗೆ ಎದ್ದಿತು. ದಾರದಿಂದ ಕೊಯ್ದು ಇಳಿಸಿದ. ತಿಗರಿಯಿಂದ ಇಳಿದ ಗಡಿಗೆಗೆ ತಳ ಇರುವುದಿಲ್ಲ. ಅರೆಒಣಗಾದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ತಳ ಕೂಡಿಸಬೇಕು. ಅವನು ತಟ್ಟಿದ. ಕೂಡಿತು. ನೆರಳಲ್ಲಿಟ್ಟ. ಒಣಗಿತು.

ಆವಿಗೆ ತುಂಬಿ, ಸುತ್ತ ಮಣ್ಣು ಮೆತ್ತಿ, ಶಿವನ ಹೆಸರಲ್ಲಿ ಬೆಂಕಿ ಇಟ್ಟರು. ಬೆಂಕಿ ಉರಿದು ತಣ್ಣಗಾಗುವ ಹೊತ್ತಿಗೆ ಪಾಡ್ಯದ ಹಿಂದಿನ ದಿನ ಬಂದಿತ್ತು.

ಸೋಮಲಿಂಗ ಆವಿಗೆಯ ಸುತ್ತ ತಿರುಗಿದ. "ತಗೀಲೇನ್ರಿ ಅಜ್ಜಾರ?"

ಅಜ್ಜ ಆವಿಗೆಗೆ ಅಂಗೈ ಇಟ್ಟರು. "ಬೆಂಕಿ ಹೋಗೇದ. ಬಿಸಿ ಹೋಗಿಲ್ಲ."

"ನಾಳೆ ಮುಂಜಾನೆ ಹೋಗಬೇಕ್ರಿ."

"ಗಡಿಗಿಗೆ ನಾಳೆ ಗೊತ್ತಿಲ್ಲ."

ಮೊದಲಿನ ಸೋಮಲಿಂಗನಾದರೆ ಅಜ್ಜ ಅತ್ತ ಹೋದಾಗ ಇತ್ತ ತೆಗೆಯುತ್ತಿದ್ದ. ಬಿಸಿ ಗಡಿಗೆಗೆ ತಂಪು ಗಾಳಿ ಬಡಿದು ಸೀಳುತ್ತಿತ್ತು. ಈಗ ಅವನು ಕೈ ಕಟ್ಟಿಕೊಂಡು ಬೇವಿನ ಕೆಳಗೆ ಕೂತ. ಕೂತಲ್ಲೇ ನಿದ್ದೆ ಹತ್ತಿತು. ಎಷ್ಟೋ ದಿನದ ಮೇಲೆ ಬಂದ ಒಳ್ಳೆಯ ನಿದ್ದೆ.

ಕೋಳಿ ಕೂಗಿದಾಗ ಅಜ್ಜ ಭುಜ ಮುಟ್ಟಿ ಎಬ್ಬಿಸಿದರು. "ಈಗ ತಗಿ."

ಗಡಿಗೆ ಹೊರಬಂತು. ಹೊಟ್ಟೆಯ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕೆ. ಹಳೆಯ ಗಡಿಗೆಯ ಕಾಳು ಹೊಸದರ ಮೈಯಲ್ಲಿ ಕಾಣುತ್ತಿತ್ತು. ಗೆಣ್ಣಿನಿಂದ ಬಾರಿಸಿದರೆ ಗಂಟೆಯ ನಾದ ಅಲ್ಲ, ತುಸು ತಗ್ಗಿದ ದನಿ.

"ಇದು ಗಂಟಿಯಂಗ ನುಡೀವಲ್ದ್ರಿ," ಅಂದ ಸೋಮಲಿಂಗ, ಅಂಜಿಕೊಂಡು.

"ಹಾಲು ಕಾಯಸತೀಯೋ, ಪೂಜಿ ಮಾಡತೀಯೋ?"

*

ಈ ಸಲ ಅಜ್ಜನೂ ಜೊತೆಗೆ ಬಂದರು.

ಬಾಳಪ್ಪನ ಮನೆಯಲ್ಲಿ ಅಂಗಳ ಸಾರಿಸಿ ಹಬ್ಬಕ್ಕೆ ಸೆಗಣಿಯ ಪುಟ್ಟ ಪಾಂಡವರನ್ನು ಮಾಡಿ ಇಟ್ಟಿದ್ದರು, ಮೇಲೆ ಚೆಂಡುಹೂ. ಓಣಿಯ ಹೆಂಗಸರು ಆಗಲೇ ಬಾಗಿಲಲ್ಲಿದ್ದರು. ಅಜ್ಜನನ್ನು ಕಂಡು ದಾರಿ ಬಿಟ್ಟರು. ಬಾಳಪ್ಪ ಕಾಲಿಗೆ ನೀರು ಕೊಟ್ಟು ಕಂಬಳಿ ಹಾಸಿದ.

ಸಂಗಮ್ಮಜ್ಜಿ ಗಡಿಗೆಯನ್ನು ಕೈಯಲ್ಲಿ ಹಿಡಿದು ಚುಕ್ಕೆಗಳ ಮೇಲೆ ಬೆರಳಾಡಿಸಿದಳು. ಒಲೆಯ ಮೇಲಿಟ್ಟಳು. ವಿಭೂತಿ ಹಚ್ಚಿದಳು. ಹಾಲು ಸುರಿದಳು.

ಹಾಲು ಬಿಸಿಯಾಯಿತು. ನೊರೆ ಕಾಣಿಸಿತು. ಸೋಮಲಿಂಗ ಕಣ್ಣು ಮುಚ್ಚಿದ. ಕಿವಿಯೊಳಗೆ ಹಳೆಯ ಟಣ್ ಕೇಳಿಸುತ್ತಲೇ ಇತ್ತು. ಒಂದು ಗಳಿಗೆ. ಇನ್ನೊಂದು ಗಳಿಗೆ. ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು. ಅವನು ಕೂತಲ್ಲೇ ಬೆಚ್ಚಿದ.

ಚೊರ್ರ್ ಎಂದಿತು.

ಮುಗೀತು ಅಂದುಕೊಂಡ.

"ಕಣ್ಣು ತಗೀರಿ," ಅಂದಳು ನೀಲವ್ವ, ಕಂಬದ ಮರೆಯಿಂದ. "ಉಕ್ಕೇದ."

ಕಣ್ಣು ತೆರೆದ. ಹಾಲು ತುಟಿಯ ಮೇಲೆ ಎದ್ದು, ಹೆಗಲು ದಾಟಿ, ಹೊಟ್ಟೆಯ ಚುಕ್ಕೆಗಳ ಮೇಲೆ ಬೆಳ್ಳಗೆ ಇಳಿಯುತ್ತಿತ್ತು. ಕೆಂಡ ಒಂದು ಕಡೆ ಆರಿ ಒಂದು ಕಡೆ ಉರಿಯುತ್ತಿತ್ತು. ಗಡಿಗೆ ಕೂತಲ್ಲಿಯೇ ಕೂತಿತ್ತು.

ಅವನ ಮೈಯ ಬಿಗಿಯೆಲ್ಲ ಒಮ್ಮೆಗೇ ಸಡಿಲಾಯಿತು. ತಾನು ನಗುತ್ತಿದ್ದೇನೆಯೋ ಅಳುತ್ತಿದ್ದೇನೆಯೋ ಅವನಿಗೇ ತಿಳಿಯಲಿಲ್ಲ. ಬಾಳಪ್ಪ ಅವನ ಬೆನ್ನು ತಟ್ಟಿದ. "ಬಣವಿ ಹಿಂದ ಕೂಡೂದು ತಪ್ಪಿತು ನೋಡು," ಅಂದ.

"ಹಂಗಾರ ಅದು ನೀವ ಏನ್ರಿ ಮಾವ?"

ಮಾವ ಎಂಬ ಮಾತು ಬಾಯಿಂದ ಬಂದದ್ದು ಅವನಿಗೆ ಆಮೇಲೆ ಗೊತ್ತಾಯಿತು. ಬಾಗಿಲಲ್ಲಿ ಹೆಂಗಸರು ಹೋ ಎಂದು ನಕ್ಕರು. ಸಂಗಮ್ಮಜ್ಜಿ ಸೆರಗು ಬಾಯಿಗೆ ಹಿಡಿದಳು.

ನೀಲವ್ವ ಮೊದಲ ಬಟ್ಟಲು ಹಾಲನ್ನು ಅಡವೆಪ್ಪಜ್ಜನ ಮುಂದಿಟ್ಟಳು. ಅಜ್ಜ ಲಿಂಗಕ್ಕೆ ತೋರಿಸಿ, ಕಣ್ಣಿಗೆ ಒತ್ತಿಕೊಂಡು, ಮೆಲ್ಲಗೆ ಕುಡಿದರು.

ಸೋಮಲಿಂಗ ಬಂದು ಪಾದ ಮುಟ್ಟಿದ. ಅವನ ಕಣ್ಣು ಇನ್ನೂ ಒಲೆಯ ಮೇಲಿನ ಗಡಿಗೆಯ ಕಡೆಗೇ ಇತ್ತು.

"ಅಜ್ಜಾರ, ಇಷ್ಟೆಲ್ಲ ಆತು. ಇದೂ ಒಂದಿನ ಒಡದ್ರ?"

ಅಜ್ಜ ಬಟ್ಟಲನ್ನು ಕೆಳಗಿಟ್ಟರು.

"ಒಡದ ದಿನ ನನ್ನ ಕರೀಬ್ಯಾಡ. ಆಕಿನ್ನ ಕರಿ. ಬೋಕಿ ಆರಿಸೂ ಮೊರ ಎಲ್ಲದ ಅನ್ನೂದು ಆಕಿಗೆ ಗೊತ್ತದ."